ಹಿಂದಿನವರು ಮೂರು ಮೆಟ್ಟಿಲು ಕೆಳಗೆ

ನಮ್ಮ ಸ್ಟುಡಿಯೋದಲ್ಲಿ ಇಸ್ತ್ರಿ ಅಕ್ಕನಿಗೆ ಹೆದರದವರಿಲ್ಲ. ಅವಳು ಬೈಯುವುದು ಕಡಿಮೆ, ಕೂಗುವುದು ಇಲ್ಲವೇ ಇಲ್ಲ. ಎದುರಿಗೆ ಬಂದವರನ್ನು ಕುತ್ತಿಗೆಯಿಂದ ಸೊಂಟದವರೆಗೆ ಒಂದು ಸಲ ನೋಡಿ, "ಅಂಗಿ ಬಿಚ್ಚಿ ಕೊಡಿ, ಎರಡೇ ನಿಮಿಷ," ಅನ್ನುತ್ತಾಳೆ. ಮ್ಯಾನೇಜರ್ ಆಗಲಿ, ಮಾಡೆಲ್ ಆಗಲಿ, ಬಾಗಿಲು ಕಾಯುವವನಾಗಲಿ, ಬಿಚ್ಚಿ ಕೊಡಲೇಬೇಕು. ಒಮ್ಮೆ ಯಾವುದೋ ಕಳವಿನ ವಿಚಾರಣೆಗೆ ಬಂದ ಪೊಲೀಸಿನವನೊಬ್ಬ ಅವಳ ಕೋಣೆಯಲ್ಲಿ ಬನಿಯನ್ನಿನಲ್ಲಿ ಕೂತು ಟೀ ಕುಡಿಯುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಳವು ಪತ್ತೆಯಾಗಲಿಲ್ಲ, ಆದರೆ ಅವನ ಕಾಲರ್ ಮಾತ್ರ ಕತ್ತಿಯ ಅಲಗಿನ ಹಾಗೆ ನಿಂತಿತ್ತು.

ನಾನು ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಫೋಟೋ ತಿದ್ದುವವನು. ಬಟ್ಟೆ ಕಂಪನಿಗಳ ಜಾಹೀರಾತಿಗೆ ಕೆಳಗೆ ಚಿತ್ರ ತೆಗೆಯುತ್ತಾರೆ, ಅದು ಮೇಲೆ ನನ್ನ ಕಂಪ್ಯೂಟರಿಗೆ ಬರುತ್ತದೆ. ಅಕ್ಕ ಬಟ್ಟೆಯ ಸುಕ್ಕು ತೆಗೆಯುತ್ತಾಳೆ, ನಾನು ಮುಖದ ಸುಕ್ಕು ತೆಗೆಯುತ್ತೇನೆ. "ನಿಂದೇನು ಕೆಲಸವೋ ತಮ್ಮ, ಶಾಖವೂ ಇಲ್ಲ ಬೆವರೂ ಇಲ್ಲ," ಅಂತ ಅವಳು ನನ್ನ ಕಾಲೆಳೆಯುತ್ತಾಳೆ. ನಾನು ಒಂಟಿ ಮನುಷ್ಯ, ನನ್ನ ಊಟದ ಡಬ್ಬಿ ನೋಡಿದರೆ ಹಸಿದವನ ಹಸಿವೂ ಓಡಿಹೋಗುತ್ತದೆ. ಇಲ್ಲಿ ಕೆಲಸಕ್ಕೆ ಸೇರಿದ ಮೊದಲನೇ ವಾರವೇ ಅವಳು ಅದನ್ನು ತೆರೆದು ನೋಡಿ, ಮುಚ್ಚಳ ಹಾಕಿ, ತನ್ನದರಲ್ಲಿ ಅರ್ಧ ಮುಂದೆ ತಳ್ಳಿದಳು. ಹನ್ನೆರಡು ವರ್ಷವಾಯಿತು, ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದೇವೆ. ಹನ್ನೆರಡು ವರ್ಷ ಅನ್ನುವುದನ್ನು ನೀವು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ನನ್ನ ಮಾನ ಹೋಗುವುದು ಅಲ್ಲೇ.

ಇಲ್ಲಿಗೆ ಬರುವ ಮೊದಲು ಅವಳು ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಗಂಡ ಸಿಟಿ ಬಸ್ಸಿನ ಡ್ರೈವರ್, ಒಳ್ಳೆ ಮನುಷ್ಯ, ಮಾತು ಕಡಿಮೆ. ಒಬ್ಬಳೇ ಮಗಳು, ಹದಿನೈದು ವರ್ಷ, ಮಾತು ಜಾಸ್ತಿ. ದಿನಕ್ಕೆ ಹತ್ತು ಗಂಟೆ ನಿಂತೇ ಇರುವುದರಿಂದ ಅಕ್ಕನಿಗೆ ಒಂದು ವಿಚಿತ್ರ ಅಭ್ಯಾಸ. ಎಡಗಾಲಿನ ಮೇಲೆ ಭಾರ ಹಾಕಿ, ಬಲಪಾದವನ್ನು ಎಡ ಹಿಮ್ಮಡಿಯ ಮೇಲೆ ಒರಗಿಸಿ, ಕೊಕ್ಕರೆಯಂತೆ ನಿಲ್ಲುತ್ತಾಳೆ. ಅರ್ಧ ಗಂಟೆಗೊಮ್ಮೆ ಕಾಲು ಬದಲು. "ಒಂದಕ್ಕೆ ರಜೆ ಕೊಟ್ಟು ಒಂದನ್ನ ದುಡಿಸ್ತೀನಿ," ಅನ್ನುತ್ತಾಳೆ.

ಇಷ್ಟೆಲ್ಲ ಫೋಟೋ ತೆಗೆಯುವ ಜಾಗದಲ್ಲಿ ಕೆಲಸ ಮಾಡಿದರೂ ಅವಳದ್ದು ಅಂತ ನೆಟ್ಟಗಿನ ಒಂದು ಫೋಟೋ ಇರಲಿಲ್ಲ. ಮದುವೆಯ ಚಿತ್ರದಲ್ಲಿ ಯಾರೋ ಚಿಕ್ಕಪ್ಪನ ಭುಜ ಅಡ್ಡ ಬಂದು ಅರ್ಧ ಮುಖ ಮಾಯ. ಗುರುತಿನ ಚೀಟಿಯಲ್ಲಿ, ಎಲ್ಲರ ಹಾಗೆ, ಜೈಲಿನಿಂದ ತಪ್ಪಿಸಿಕೊಂಡು ಬಂದವಳ ಮುಖ.

ಆ ಬಟ್ಟೆ ಕಂಪನಿಯ ದೊಡ್ಡ ಜಾಹೀರಾತಿನ ಚಿತ್ರ ತೆಗೆದ ವಾರ ನಾನು ಹಲ್ಲು ಕೀಳಿಸಿಕೊಂಡು ಮನೆಯಲ್ಲಿ ಮಲಗಿದ್ದೆ. ಆಮೇಲೆ ತಿಳಿದದ್ದು ಇಷ್ಟು. ಒಬ್ಬ ಹೆಸರಾಂತ ಸಿನಿಮಾ ನಟಿ, ನಾವೆಲ್ಲ ಅವರನ್ನು ಮೇಡಂ ಅನ್ನುತ್ತೇವೆ, ದಂತದ ಬಣ್ಣದ ಉದ್ದನೆ ಗೌನು ಹಾಕಿಕೊಂಡು ಮುಂದೆ ನಿಲ್ಲಬೇಕು. ಹಿಂದೆ, ಅರ್ಧ ನೆರಳಿನಲ್ಲಿ, ಒಬ್ಬ ಹೆಂಗಸು ಆ ಗೌನಿನ ನೆಲಕ್ಕೆಳೆಯುವ ಅಂಚನ್ನು ಎತ್ತಿ ಹಿಡಿದಿರಬೇಕು. ಹಿಂದೆ ನಿಲ್ಲಬೇಕಾದವಳು ಬರಲಿಲ್ಲ. ಫೋಟೋಗ್ರಾಫರ್ ತಲೆ ಕೆರೆದುಕೊಳ್ಳುತ್ತಿದ್ದಾಗ ನಮ್ಮ ಅಕ್ಕ ಗೌನಿನ ಅಂಚಿಗೆ ಧೂಳು ಹತ್ತಬಾರದೆಂದು ಹಿಡಿದುಕೊಂಡು ನಿಂತಿದ್ದಳಂತೆ. "ಅಕ್ಕ, ನೀವೇ ನಿಂತುಬಿಡಿ," ಅಂದರಂತೆ. ಅವಳಿಗೊಂದು ಕಂದು ಬಣ್ಣದ ನಿಲುವಂಗಿ ತೊಡಿಸಿ, ತಲೆ ಸ್ವಲ್ಪ ತಗ್ಗಿಸಿ, ಕಣ್ಣು ಕೆಳಗೆ ಅಂದರು. ಮೂರು ಗಂಟೆ ನಿಂತಳು.

ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮನೆಗೆ ಹೋಗಿ ಗಂಡನಿಗೆ ಹೇಳಿದಳು, ಮಗಳಿಗೆ ಹೇಳಿದಳು. ಸ್ಟುಡಿಯೋದವರಿಗೆ ಮಾತ್ರ, "ಮೇಲಿನ ಮಹಡಿಯವನಿಗೆ ಯಾರೂ ಬಾಯಿ ಬಿಡಬೇಡಿ, ಚಿತ್ರ ನೋಡಿ ಅವನೇ ಬೆಚ್ಚಿ ಬೀಳಲಿ," ಅಂದಿದ್ದಳು.

ನಾನು ಕೆಲಸಕ್ಕೆ ಮರಳಿದ ಮೇಲೆ ಊಟದ ಹೊತ್ತಿಗೆ ದಿನಾ ಒಂದೇ ಪ್ರಶ್ನೆ.

"ಗೌನಿನ ಚಿತ್ರ ಬಂತಾ ನಿನ್ನ ಹತ್ತಿರ?"

"ಬಂತು, ತಿದ್ದುತ್ತಾ ಇದ್ದೀನಿ."

"ಹೇಗಿದೆ?"

"ಹೇಗಿರುತ್ತೆ ಅಕ್ಕ, ಇದ್ದದ್ದೇ. ಮೇಡಂ ಮುಂದೆ, ಹಿಂದೆ ಯಾರೋ ಒಬ್ಬಳು."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನು ಬೇಕೆಂದೇ ನಾಟಕ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು. ನಾನು ನಾಟಕ ಮಾಡುತ್ತಿರಲಿಲ್ಲ. ನಿಜವಾಗಿಯೂ ನನಗೆ ಅದು ಯಾರೋ ಒಬ್ಬಳೇ ಆಗಿತ್ತು.

ಇದು ಹೇಗೆ ಸಾಧ್ಯ ಅಂತ ನೀವು ಕೇಳಬಹುದು. ನಮ್ಮ ಕೆಲಸ ಹಾಗಿದೆ. ಚಿತ್ರವನ್ನು ನಾವು ಇಡಿಯಾಗಿ ನೋಡುವುದಿಲ್ಲ. ಪರದೆ ತುಂಬ ಒಂದು ಕೆನ್ನೆ ಮಾತ್ರ ಇರುತ್ತದೆ, ಉತ್ತ ಹೊಲದಷ್ಟು ದೊಡ್ಡದಾಗಿ. ಅದು ಮುಗಿದ ಮೇಲೆ ಹಣೆ, ಆಮೇಲೆ ಮೊಣಕೈ. ನನಗೆ ಕೆಲಸ ಕಲಿಸಿದ ಗುರುಗಳು ಹೇಳುತ್ತಿದ್ದರು, "ಮುಖ ನೋಡಬೇಡ, ಚರ್ಮ ನೋಡು. ಮುಖ ನೋಡಿದವನ ಕೈ ತಡವರಿಸುತ್ತೆ." ಬಣ್ಣಕ್ಕೂ ಅವರು ಒಂದು ಪಟ್ಟಿ ಮಾಡಿಕೊಟ್ಟಿದ್ದರು. ಒಂದರಿಂದ ಒಂಬತ್ತು ಅಂಕ, ಒಂದು ಅಂದರೆ ಹಾಲಿನಂಥದ್ದು, ಒಂಬತ್ತು ಅಂದರೆ ಇದ್ದಿಲಿನಂಥದ್ದು. ಅದರ ಜೊತೆ ಒಂದು ನಿಯಮ. ಮುಂದಿನವರು ಎರಡು ಮೆಟ್ಟಿಲು ಮೇಲೆ, ಹಾಲಿನ ಕಡೆಗೆ; ಹಿಂದಿನವರು ಮೂರು ಮೆಟ್ಟಿಲು ಕೆಳಗೆ, ಇದ್ದಿಲಿನ ಕಡೆಗೆ. ಹಾಗೆ ಮಾಡಿದರೆ ನೋಡುವವನ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ. ಯಾಕೆ ಅಂತ ನಾನು ಕೇಳಲಿಲ್ಲ. ನನ್ನದೇ ಬಣ್ಣ ಏಳು. ಇಪ್ಪತ್ತು ವರ್ಷ ಈ ನಿಯಮ ಪಾಲಿಸಿದ್ದೇನೆ, ಒಂದು ದಿನವೂ ನನ್ನ ಕೈಯನ್ನು ಆ ಪರದೆಯ ಪಕ್ಕ ಇಟ್ಟು ನೋಡಿರಲಿಲ್ಲ.

ಆ ಹೆಂಗಸನ್ನೂ ಹಾಗೇ ಮಾಡಿದೆ. ಐದು ಇದ್ದದ್ದು ಎಂಟಾಯಿತು. ಕಣ್ಣ ಕೆಳಗಿನ ಗೆರೆ ಒರೆಸಿದೆ, ಗಲ್ಲದ ಮಚ್ಚೆ ತೆಗೆದೆ, ಹತ್ತು ವರ್ಷ ವಯಸ್ಸು ಇಳಿಸಿದೆ. ಅರ್ಧ ದಿನದ ಕೆಲಸ. ಚೆನ್ನಾಗಿ ಬಂತು ಅಂತ ಮ್ಯಾನೇಜರ್ ಬೆನ್ನು ತಟ್ಟಿದರು.

ಹೋರ್ಡಿಂಗು ಊರಿನ ದೊಡ್ಡ ಸೇತುವೆಯ ಪಕ್ಕದಲ್ಲಿ ಎದ್ದು ನಿಂತಿತು. ಮೇಡಂ ಬೆಳ್ಳಗೆ ಹೊಳೆಯುತ್ತಿದ್ದರು. ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: "ಬೆಳಕು ಕೆಲವರಲ್ಲಿ ಮಾತ್ರ ಹುಟ್ಟುತ್ತದೆ."

ಅಕ್ಕನ ಮಗಳು ಶಾಲೆ ಬಿಟ್ಟ ಮೇಲೆ ನಾಲ್ಕು ಜನ ಗೆಳತಿಯರನ್ನು ಕರೆದುಕೊಂಡು ಹೋಗಿ ಹೋರ್ಡಿಂಗಿನ ಕೆಳಗೆ ನಿಲ್ಲಿಸಿ, "ನೋಡಿ, ನಮ್ಮಮ್ಮ," ಅಂದಳು. ಆಮೇಲೆ ತಾನೂ ತಲೆ ಎತ್ತಿ ನೋಡಿದಳು. ಅಮ್ಮ ಇರಲಿಲ್ಲ. ಯಾರೋ ಕಪ್ಪು ಹುಡುಗಿಯೊಬ್ಬಳು ತಲೆ ತಗ್ಗಿಸಿ ನಿಂತಿದ್ದಳು. ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಇಡೀ ತರಗತಿಗೇ ಗೊತ್ತಾಯಿತು, ಇವಳು ಸುಳ್ಳಿ ಅಂತ. ಅವಳು ಮನೆಗೆ ಬಂದು ಚೀಲ ಎಸೆದು, "ಯಾಕಮ್ಮ ಸುಳ್ಳು ಹೇಳಿದೆ?" ಅಂದವಳು ಮತ್ತೆ ಮಾತಾಡಲಿಲ್ಲ. ಮಾತಿನ ಮಲ್ಲಿ ಅನ್ನಿಸಿಕೊಂಡಿದ್ದ ಹುಡುಗಿ ಮನೆಯಲ್ಲಿ ತುಟಿ ಹೊಲಿದುಕೊಂಡು ಕೂತಳು. ಗಂಡ ದಿನಕ್ಕೆ ಎಂಟು ಸಲ ಅದರ ಕೆಳಗೆ ಬಸ್ಸು ಓಡಿಸುವವನು. ಅವನೂ, "ನೀನಿಲ್ಲ ಬಿಡು ಅದರಲ್ಲಿ," ಅಂದ.

ಭಾನುವಾರ ಅಕ್ಕ ತಾನೇ ಹೋಗಿ ನೋಡಿ ಬಂದಳು. ಸೋಮವಾರ ಊಟದ ಹೊತ್ತಿಗೆ ಡಬ್ಬಿ ತೆರೆಯಲಿಲ್ಲ.

"ನನ್ನ ತೆಗೆದು ಬೇರೆ ಯಾರನ್ನೋ ಹಾಕಿದ್ದಾರೆ ತಮ್ಮ. ಅದು ಹೋಗ್ಲಿ, ದೊಡ್ಡವರ ವಿಷಯ. ನನ್ನ ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹನ್ನೊಂದು ದಿನ ಆಯ್ತು. ಆವತ್ತು ನಾನು ಮೂರು ಗಂಟೆ ನಿಂತದ್ದು ಸುಳ್ಳಲ್ಲ. ತೆಗೆದ ಚಿತ್ರ ಎಲ್ಲ ನಿನ್ನ ಕಂಪ್ಯೂಟರಿನಲ್ಲೇ ಇರುತ್ತಲ್ಲ? ನಾನು ಇರೋದು ಒಂದು ಹುಡುಕಿ ಕೊಡು. ಸಾಕು. ಅವಳಿಗೆ ತೋರಿಸ್ತೀನಿ."

ಆಗಲೇ ನನಗೆ ಮೊದಲ ಸಲ ಗೊತ್ತಾದದ್ದು, ಆ ದಿನ ಅವಳೇ ನಿಂತಿದ್ದಳು ಅಂತ. ಆದರೂ ತಲೆಗೆ ಹೊಳೆಯಲಿಲ್ಲ ನೋಡಿ. ಬೇರೆ ಯಾವುದೋ ಚಿತ್ರದಲ್ಲಿ ಅವಳಿರಬೇಕು, ಹುಡುಕೋಣ ಅಂದುಕೊಂಡೇ ಮೇಲೆ ಹೋದೆ. ತಿದ್ದುವ ಮೊದಲಿನ ಚಿತ್ರಗಳನ್ನು ತೆರೆದೆ. ಮೊದಲ ಸಲ, ದೊಡ್ಡದು ಮಾಡದೆ, ಇಡೀ ಚಿತ್ರವನ್ನು ಪರದೆಯಲ್ಲಿ ಇಟ್ಟು ನೋಡಿದೆ.

ಹಿಂದೆ ನಿಂತ ಹೆಂಗಸು ಎಡಗಾಲಿನ ಮೇಲೆ ಭಾರ ಹಾಕಿದ್ದಳು. ಬಲಪಾದ ಎಡ ಹಿಮ್ಮಡಿಯ ಮೇಲೆ ಒರಗಿತ್ತು.

ಮುಖವನ್ನು ದೊಡ್ಡದು ಮಾಡಿ ನೋಡಿದೆ. ಮಚ್ಚೆ, ಕಣ್ಣ ಕೆಳಗಿನ ಗೆರೆ, ಎಲ್ಲ ಅವಳದ್ದೇ. ಹನ್ನೆರಡು ವರ್ಷ ಎದುರಿಗೆ ಕೂತು ಉಂಡ ಮುಖ. ಅದರ ಒಂದೊಂದು ಅಂಗುಲವನ್ನೂ ಒರೆಸಿ, ಮೂರು ಮೆಟ್ಟಿಲು ಕೆಳಗಿಳಿಸಿ, ಅದು ಯಾರು ಅಂತ ತಿಳಿಯದೆ ಸಂಜೆ ಅವಳಿಗೇ ಟಾಟಾ ಮಾಡಿ ಮನೆಗೆ ಹೋಗಿದ್ದೆ.

ಕೆಳಗೆ ಹೋಗಿ ಏನು ಹೇಳಿದೆ ಗೊತ್ತಾ? "ಸಿಗಲಿಲ್ಲ ಅಕ್ಕ. ಅಳಿಸಿಬಿಟ್ಟಿದ್ದಾರೆ ಅನ್ಸುತ್ತೆ." ಈಗ ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅವಳು, "ಹೋಗ್ಲಿ ಬಿಡು, ನೀನೇನು ಮಾಡ್ತೀಯಾ," ಅಂತ ನನ್ನನ್ನೇ ಸಮಾಧಾನ ಮಾಡಿದಳು.

ಅದೇ ವಾರ ಗಲಾಟೆ ಶುರುವಾಯಿತು. ಒಬ್ಬ ಕಾಲೇಜಿನ ಮೇಷ್ಟ್ರು ಹೋರ್ಡಿಂಗಿನ ಚಿತ್ರ ಫೋನಿನಲ್ಲಿ ಹಾಕಿ ಒಂದು ಸಾಲು ಬರೆದರು: "ಬೆಳಕು ಕೆಲವರಲ್ಲಿ ಮಾತ್ರ ಹುಟ್ಟುವುದಾದರೆ ಕತ್ತಲೆ ಹುಟ್ಟುವುದು ಯಾರಲ್ಲಿ?" ಅಷ್ಟೇ ಸಾಕಾಯಿತು. ಒಂದು ಕಡೆಯವರು ಇದು ಜನಾಂಗದ ಅವಮಾನ, ಬೆಳ್ಳಗಿದ್ದವರು ಒಡೆಯರು ಕಪ್ಪಗಿದ್ದವರು ಆಳುಗಳು ಅಂತ ತೋರಿಸುವ ಹಳೇ ಕೊಳಕು, ಅಂದರು. ಇನ್ನೊಂದು ಕಡೆಯವರು ಬಟ್ಟೆ ಮಾರುವ ಚಿತ್ರದಲ್ಲೂ ಜಾತಿ ಬಣ್ಣ ಹುಡುಕುವವರಿಗೆ ಬೇರೆ ಕಸುಬಿಲ್ಲ, ಅಂದರು. ಮೇಡಂ ಅಭಿಮಾನಿಗಳು ಮೇಷ್ಟ್ರ ಮನೆ ಮುಂದೆ ಹೋಗಿ ಕೂಗಿದರು. ಯಾರೋ ಹೋರ್ಡಿಂಗಿನಲ್ಲಿ ಮೇಡಂ ಮುಖಕ್ಕೆ ಡಾಂಬರು ಬಳಿದರು, ಮರುದಿನ ಇನ್ಯಾರೋ ಏಣಿ ಹಾಕಿ ಅದನ್ನು ತೊಳೆದರು. ಟೀವಿಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ವಾದ ನಡೆಯಿತು. ನಾನು ಎಲ್ಲರ ಮಾತೂ ಕೇಳಿದೆ. ಮೇಷ್ಟ್ರು ಮಾತಾಡಿದಾಗ ಮೇಷ್ಟ್ರು ಸರಿ ಅನ್ನಿಸಿತು. ಅವರೆದುರು ಕೂತವನು, "ಆ ಹೆಂಗಸಿನ ಬಣ್ಣವೇ ಹಾಗಿದ್ದರೆ ಅವಳನ್ನು ತೋರಿಸುವುದೇ ತಪ್ಪಾ?" ಅಂದಾಗ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡೆ. ಅವಳ ಬಣ್ಣ ಹಾಗಿರಲಿಲ್ಲ, ಹಾಗೆ ಮಾಡಿದ ಕೈ ನನ್ನದೇ.

ಅಕ್ಕನೂ ಇಸ್ತ್ರಿ ಮಾಡುತ್ತ ಟೀವಿ ನೋಡುತ್ತಿದ್ದಳು. "ಪಾಪ, ಆ ಹುಡುಗಿ," ಅಂದಳು. "ಊರಿಗೆ ಊರೇ ಅವಳ ಬಗ್ಗೆ ಮಾತಾಡ್ತಿದೆ. ಅವಳು ಎಲ್ಲಿದ್ದಾಳೋ, ಏನು ಮಾಡ್ತಿದ್ದಾಳೋ." ಸ್ವಲ್ಪ ಹೊತ್ತು ಬಿಟ್ಟು, "ನಿಜ ಹೇಳ್ಬೇಕು ಅಂದ್ರೆ ನನಗೆ ಅವಳ ಮೇಲೆ ಹೊಟ್ಟೆಕಿಚ್ಚೂ ಇದೆ ತಮ್ಮ. ನನ್ನ ಜಾಗ ಅದು," ಅಂದಳು. ನಾನು ಅವಳ ಡಬ್ಬಿಯಿಂದ ಇನ್ನೊಂದು ತುತ್ತು ತೆಗೆದುಕೊಂಡೆ.

ಗಲಾಟೆ ಜೋರಾದ ಮೇಲೆ ಕಂಪನಿಯವರು ಪತ್ರಕರ್ತರನ್ನು ನಮ್ಮ ಸ್ಟುಡಿಯೋಗೇ ಕರೆದರು. ಹಿಂದಿನ ದಿನ ಮ್ಯಾನೇಜರ್ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು. ಮೆದು ಮಾತಿನ ಮನುಷ್ಯ ಅವರು, ಎಂಥ ವಿಷಯವನ್ನೂ ಹತ್ತಿಯಲ್ಲಿ ಸುತ್ತಿ ಕೊಡುತ್ತಾರೆ.

"ನಾವು ಯಾರ ಬಣ್ಣವನ್ನೂ ಬದಲಿಸಿಲ್ಲ ಅಂತ ಹೇಳೋಣ ಅಂತಿದ್ದೀವಿ. ಚಿತ್ರದಲ್ಲಿರೋರು ನಮ್ಮ ಇಸ್ತ್ರಿ ಅಕ್ಕ ತಾನೇ? ಅವರನ್ನೇ ಮೇಡಂ ಪಕ್ಕ ಕೂರಿಸಿದ್ರೆ ಎಲ್ಲರ ಬಾಯಿ ಮುಚ್ಚುತ್ತೆ."

"ಸಾರ್, ಅಕ್ಕನ ಬಣ್ಣ ಐದು. ಚಿತ್ರದಲ್ಲಿ ಎಂಟು."

"ಅದಕ್ಕೇ ನಿಮ್ಮ ಹತ್ತಿರ ಬಂದೆ. ಮೇಕಪ್ಪಿನವನಿಗೆ ಆ ಅಂಕ ಹೇಳಿ, ನಾಳೆ ಪಕ್ಕದಲ್ಲೇ ನಿಂತುಕೊಳ್ಳಿ. ಸ್ವಲ್ಪ ಹೊಂದಿಸಿದರೆ ಆಯ್ತು."

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಚಿತ್ರವನ್ನು ಮನುಷ್ಯರಿಗೆ ಹೊಂದಿಸಿ ಗೊತ್ತಿತ್ತು, ಮನುಷ್ಯರನ್ನು ಚಿತ್ರಕ್ಕೆ ಹೊಂದಿಸುವುದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಆಗುವುದಿಲ್ಲ ಸಾರ್ ಅನ್ನಬೇಕಿತ್ತು. "ಆಯ್ತು ಸಾರ್," ಅಂದೆ. ಇಪ್ಪತ್ತು ವರ್ಷದಿಂದ ಆ ಕೋಣೆಯಲ್ಲಿ ನನ್ನ ಬಾಯಿಗೆ ಬರುವುದು ಆ ಎರಡೇ ಮಾತು.

ಅಕ್ಕನಿಗೆ ಅವರು ಹೇಳಿದ್ದು, "ನಾಳೆ ಟೀವಿಯವರು ಬರ್ತಾರೆ, ನೀವು ಮೇಡಂ ಪಕ್ಕದಲ್ಲಿ ಕೂರಬೇಕು," ಅಂತ ಮಾತ್ರ. ಚಿತ್ರದಿಂದ ತೆಗೆದುಹಾಕಿದ್ದಕ್ಕೆ ಸ್ಟುಡಿಯೋದವರು ಮನಸ್ಸಿಗೆ ಹಚ್ಚಿಕೊಂಡು ಹೀಗೆ ಸರಿ ಮಾಡುತ್ತಿದ್ದಾರೆ ಅಂದುಕೊಂಡಳು ಅವಳು. ಮಗಳನ್ನೂ ಕರೆತಂದಳು. "ಬಾ, ನಿನ್ನ ಕಣ್ಣಾರೆ ನೋಡು, ನಾನು ಸುಳ್ಳು ಹೇಳೋಳಲ್ಲ," ಅಂದಿದ್ದಳಂತೆ. ಹುಡುಗಿ ಮುಖ ಗಂಟು ಹಾಕಿಕೊಂಡೇ ಬಂದು ಮೇಕಪ್ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೂತಳು.

ಅಕ್ಕ ಕನ್ನಡಿಯ ಮುಂದೆ ಕೂತಳು, ಕುತ್ತಿಗೆಗೆ ಬಿಳಿ ಟವೆಲು. ಸುತ್ತ ಹತ್ತು ಬಲ್ಬು. ಇಷ್ಟು ವರ್ಷ ಆ ಕುರ್ಚಿಯ ಪಕ್ಕ ಬಟ್ಟೆ ಹಿಡಿದು ನಿಂತವಳು, ಕೂತದ್ದು ಅದೇ ಮೊದಲು. ಮೇಕಪ್ಪಿನವನು ನನ್ನ ಕಡೆ ತಿರುಗಿ, "ಎಂಟು ಅಂದ್ರಲ್ವಾ ಸಾರ್?" ಅಂದ. ನಾನು ತಲೆ ಆಡಿಸಿದೆ. ಅವನು ಸ್ಪಂಜಿನಲ್ಲಿ ಅದ್ದಿ ಅದ್ದಿ ಹಚ್ಚತೊಡಗಿದ. ಹಣೆ, ಕೆನ್ನೆ, ಕಿವಿಯ ಹಿಂದೆ.

"ಇಷ್ಟೊಂದು ಯಾಕಪ್ಪಾ?" ಅಂದಳು ಅಕ್ಕ.

"ಟೀವಿ ಲೈಟಿಗೆ ಬೇಕಾಗುತ್ತೆ ಅಕ್ಕ."

ಅವಳು ನಂಬಿದಳು. ಕಣ್ಣು ಮುಚ್ಚಿ ಹಾಯಾಗಿ ಕೂತಳು. ಗೆರೆ ಮುಚ್ಚಿತು, ಮಚ್ಚೆ ಮುಚ್ಚಿತು. ಎರಡು ವಾರದಿಂದ ತುಟಿ ಬಿಚ್ಚದ ಹುಡುಗಿ ಸ್ಟೂಲಿನಿಂದ ಎದ್ದು ಕನ್ನಡಿಯ ಹತ್ತಿರ ಬಂದಳು.

"ಅಮ್ಮಾ."

"ಏನು ಮಗಳೇ?"

"ಅಮ್ಮಾ, ಅದು ನೀನೇ. ಹೋರ್ಡಿಂಗಿನಲ್ಲಿ ಇರೋದು ನೀನೇ."

ಅಕ್ಕ ಕಣ್ಣು ಬಿಟ್ಟಳು. ಕನ್ನಡಿಯಲ್ಲಿ ಸೇತುವೆಯ ಪಕ್ಕದ ಹೆಂಗಸು ಅವಳನ್ನು ನೋಡುತ್ತಿದ್ದಳು. ಅಕ್ಕ ಕೆನ್ನೆ ಮುಟ್ಟಿ ನೋಡಿಕೊಂಡಳು, ಬೆರಳು ನೋಡಿದಳು, ಮತ್ತೆ ಕನ್ನಡಿ ನೋಡಿದಳು. ಮೇಕಪ್ಪಿನವನ ಸ್ಪಂಜು ಗಾಳಿಯಲ್ಲೇ ನಿಂತಿತ್ತು.

ಇಷ್ಟು ಹೊತ್ತಿಗೆ ಬಾಗಿಲು ತೆರೆದು ಮೇಡಂ ಒಳಗೆ ಬಂದರು. ಇನ್ನೂ ಮೇಕಪ್ ಆಗಿರಲಿಲ್ಲ, ನಿದ್ದೆ ಇಲ್ಲದ ಕಣ್ಣು, ಅತ್ತ ಮುಖ. ಯಾರನ್ನೂ ನೋಡದೆ ಅಕ್ಕನಿಗೆ ಬೆನ್ನು ತಿರುಗಿಸಿ ನಿಂತು, "ಅಕ್ಕಾ, ಹುಕ್ ಹಾಕ್ತೀರಾ?" ಅಂದರು. ವರ್ಷಗಟ್ಟಲೆಯ ರೂಢಿ. ಅಕ್ಕ ಎದ್ದು, ಆ ಮುಖದಲ್ಲೇ, ಹುಕ್ ಹಾಕಿದಳು. ಮುಖಕ್ಕೆ ಬಣ್ಣ ಬಿದ್ದಿತ್ತು, ಕೈಗೆ ಬಿದ್ದಿರಲಿಲ್ಲ. ಹುಡುಗಿ ಅಮ್ಮನ ಕೈಯನ್ನೂ ಮೇಡಂ ಬೆನ್ನನ್ನೂ ನೋಡಿದಳು. ನಾನೂ ನೋಡಿದೆ. ಅದೂ ಐದು, ಇದೂ ಐದು. ಒಬ್ಬರನ್ನು ಎರಡು ಮೆಟ್ಟಿಲು ಹತ್ತಿಸಿ ಇನ್ನೊಬ್ಬಳನ್ನು ಮೂರು ಮೆಟ್ಟಿಲು ಇಳಿಸಿದವನು ನಾನು.

ಮೇಡಂ ತಿರುಗಿದರು. ಅಕ್ಕನ ಮುಖ ಕಂಡು ಬೆಚ್ಚಿದರು. "ಏನಿದು, ಯಾಕೆ ಹೀಗೆ ಮಾಡಿದ್ದೀರಿ ಇವರಿಗೆ?" ಅಂದರು. ಅವರಿಗೂ ನಿಜವಾಗಿ ಗೊತ್ತಿರಲಿಲ್ಲವೋ, ಗೊತ್ತಿದ್ದು ಕೇಳಿದರೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಕ್ಕ ನನ್ನ ಕಡೆ ತಿರುಗಿದಳು. "ಚಿತ್ರದಲ್ಲಿ ಇದನ್ನ ಯಾರು ಮಾಡಿದ್ದು?"

"ನಾನೇ ಅಕ್ಕ."

"ನಾನು ಅಂತ ಗೊತ್ತಿತ್ತಾ?"

"ಮಾಡುವಾಗ ಗೊತ್ತಿರಲಿಲ್ಲ."

"ಆಮೇಲೆ? ನಾನು ಬಂದು ಹುಡುಕಿ ಕೊಡು ಅಂದೆನಲ್ಲ, ಆವಾಗ?"

ನಾನು ನೆಲ ನೋಡಿದೆ. "ಆವಾಗ ಗೊತ್ತಾಯ್ತು."

ಅವಳು ಕುತ್ತಿಗೆಯ ಟವೆಲನ್ನು ಎಳೆದು ಕೈಗೆ ತೆಗೆದುಕೊಂಡಳು. "ನನಗೆ ಯಾವುದಕ್ಕೆ ಸಿಟ್ಟು ಮಾಡ್ಕೋಬೇಕು ಅಂತಾನೇ ಗೊತ್ತಾಗ್ತಿಲ್ಲ," ಅಂದಳು. "ಕಪ್ಪು ಮಾಡಿದ್ದಕ್ಕಾ? ಕಪ್ಪು ಅಂದ್ರೆ ಬೈಗುಳ ಅಂತ ಒಪ್ಪಿಕೊಂಡ ಹಾಗಾಗುತ್ತೆ. ನಮ್ಮವ್ವ ಈ ಬಣ್ಣಾನೇ ಇದ್ದಳು. ನನ್ನ ಗುರುತು ಹಿಡಿಯಲಿಲ್ಲ ಅಂತಲಾ? ನನಗೇ ಸಿಗಲಿಲ್ಲ ನನ್ನ ಗುರುತು. ಆದ್ರೆ ನೀನು ಗೊತ್ತಿದ್ದೂ ಹೇಳಲಿಲ್ಲ. ನನ್ನ ಮಗಳು ಎರಡು ವಾರ ನನ್ನ ಸುಳ್ಳಿ ಅಂದುಕೊಂಡಿದ್ದಳು, ನೀನು ನನ್ನ ಡಬ್ಬಿಯಲ್ಲೇ ಉಣ್ತಾ ಕೂತಿದ್ದೆ."

ಆಮೇಲೆ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ತನ್ನ ಕೋಣೆಗೆ ಹೋದಳು. ಮಗಳು ಹಿಂದೆಯೇ ಹೋದಳು. ಮ್ಯಾನೇಜರ್ ಬಂದು ಬೇಡಿಕೊಂಡರು, ಹತ್ತಿಯಲ್ಲಿ ಸುತ್ತಿ ಏನೇನೋ ಹೇಳಿದರು. "ಸಾರ್, ನಿಮ್ಮ ಅಂಗಿ ಮುದುಡಿದೆ," ಅಂದಳಂತೆ. ಬಿಚ್ಚಿ ಕೊಡಿ ಅನ್ನಲಿಲ್ಲ. ಪತ್ರಕರ್ತರಿಗೆ ಆಕೆಗೆ ಹುಷಾರಿಲ್ಲ ಅಂದರು. ಮೇಡಂ ಒಬ್ಬರೇ ಕೂತು, ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಿ ಅಂದರು. ಹೋರ್ಡಿಂಗು ಇಳಿಯಿತು. ಊರಿಗೆ ಬೇರೆ ಗಲಾಟೆ ಸಿಕ್ಕಿತು. ನನಗೆ ಹೊಸ ಆದೇಶ ಬಂತು: ಇನ್ನು ಮೇಲೆ ಎಲ್ಲರ ಬಣ್ಣವೂ ಸಹಜವಾಗಿ ಕಾಣಬೇಕು, ಅದಕ್ಕಾಗಿ ಮುಂದೆ ನಿಂತವರನ್ನು ಒಂದು ಮೆಟ್ಟಿಲು ಕೆಳಗಿಳಿಸತಕ್ಕದ್ದು. ನಗಬೇಕೋ ಅಳಬೇಕೋ ತಿಳಿಯದೆ ಇಳಿಸುತ್ತಿದ್ದೇನೆ.

ಒಂದು ವಾರ ನಾನು ಕೆಳಗೆ ಉಣ್ಣಲು ಹೋಗಲಿಲ್ಲ. ಅವಳೂ ಕರೆಯಲಿಲ್ಲ. ಆ ಭಾನುವಾರ ತಿದ್ದದ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಅವಳ ಮನೆಗೆ ಹೋದೆ. ಸ್ಟುಡಿಯೋದ ಚಿತ್ರ ಹೊರಗೆ ತರುವ ಹಾಗಿಲ್ಲ, ಆದರೂ ತಂದಿದ್ದೆ. ಬಾಗಿಲು ತೆರೆದದ್ದು ಗಂಡ. ಏನೂ ಕೇಳದೆ ಒಂದು ಕುರ್ಚಿ ಎಳೆದು ಹಾಕಿ, ತಾನು ಕಿಟಕಿಯ ಪಕ್ಕ ನಿಂತ. ಎರಡು ಕೋಣೆಯ ಮನೆ, ಕಿಟಕಿಯ ಪರದೆಗೂ ಇಸ್ತ್ರಿ. ನಾನು ಚಿತ್ರವನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರಲಿಲ್ಲ. "ಇದು ನೀನು ಅಕ್ಕ," ಅಂದೆ ಅಷ್ಟೇ.

ಗಂಡ ಹತ್ತಿರ ಬಂದು ಬಗ್ಗಿ ನೋಡಿ, "ಹೌದು, ಇವಳೇ," ಅಂದ. ಅಕ್ಕ ಕೈ ಒರೆಸಿಕೊಂಡು ಬಂದು ನಿಂತಳು. ತನ್ನ ಮುಖವನ್ನು ನೋಡಿದಳು, ಮಚ್ಚೆ, ಗೆರೆ, ಎಲ್ಲ. ಅವಳ ಮುಖ ಅರಳಿತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು ಅಂದುಕೊಂಡೆ.

ಮಗಳು ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದಳು.

"ಮಾಮ, ಬಣ್ಣ ಸರಿಯಾಗಿದೆ," ಅಂದಳು. "ಆದ್ರೆ ಇದರಲ್ಲೂ ಅಮ್ಮ ಹಿಂದೇನೇ ನಿಂತಿದ್ದಾಳೆ. ತಲೆ ತಗ್ಗಿಸಿಕೊಂಡು ಅವರ ಬಟ್ಟೆ ಹಿಡ್ಕೊಂಡಿದ್ದಾಳೆ. ಇದನ್ನ ನೀವು ತಿದ್ದಿದ್ದಲ್ಲ ಅಲ್ವಾ? ಇದು ನಿಜವಾಗಿ ಹೀಗೇ ಇದ್ದದ್ದು ಅಲ್ವಾ?"

"ಹೌದು," ಅಂದೆ. ಮೇಷ್ಟ್ರು ಟೀವಿಯಲ್ಲಿ ಅಷ್ಟು ದಿನ ಕೂಗಿ ಹೇಳಿದ್ದು ಇದನ್ನೇ ಇರಬೇಕು. ನಾನು ಬಣ್ಣದ ಅಂಕ ಲೆಕ್ಕ ಹಾಕುತ್ತ ಕೂತಿದ್ದರಿಂದ ಅದು ಕಿವಿಗೇ ಬಿದ್ದಿರಲಿಲ್ಲ.

"ಯಾಕಮ್ಮ ಹಾಗೆ ನಿಂತೆ?"

ಅಕ್ಕನ ಮುಖ ಕೆಂಪಾಯಿತು. ಮಗಳನ್ನು ನೋಡಿದಳು, ಚಿತ್ರವನ್ನು ನೋಡಿದಳು.

"ನಿಲ್ಲಿ ಅಂದ್ರು, ನಿಂತೆ," ಅಂದಳು. "ತಲೆ ತಗ್ಗಿಸಿ ಅಂದ್ರು, ತಗ್ಗಿಸಿದೆ. ನನಗೆ ಬೇರೆ ಏನೂ ಹೊಳೀಲಿಲ್ಲ. ಅಷ್ಟೊಂದು ಲೈಟು ನನ್ನ ಕಡೆ ಯಾರೂ ಯಾವತ್ತೂ ಹಿಡಿದಿರಲಿಲ್ಲ. ನ್ಯಾಯ ಹೇಳೋರೆಲ್ಲ ಈಗ ಹೇಳ್ತಾರೆ ಅವಮಾನ ಅಂತ. ಇರಬಹುದು. ಆದ್ರೆ ಆವತ್ತು ನಾನು ತುಂಬ ಖುಷಿಯಾಗಿದ್ದೆ ಮಗಳೇ. ಅದೂ ತಪ್ಪಾ?"

ಹುಡುಗಿಯ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತಿತ್ತು. ಈ ಸಲ ಅವಳು ಚಿತ್ರದಲ್ಲಿ ಅಮ್ಮನ ತಗ್ಗಿದ ತಲೆಯ ಮೇಲೆ ಬೆರಳಿಟ್ಟಳು. ಆಮೇಲೆ ತಾಯಿ ಮಗಳು ಇಬ್ಬರೂ ನನ್ನ ಮುಖ ನೋಡಿದರು, ಓದಿದವನು, ಕಂಪ್ಯೂಟರಿನವನು, ನಾನೇ ಏನಾದರೂ ಹೇಳುತ್ತೇನೆ ಅಂತ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ.